ಒಂಬತ್ತನೇ ತರಗತಿಯ ಅಂತಿಗೊನೆ: ಶಾಲೆಯ ದುರಂತ ನಾಟಕವೊಂದರ ಪ್ರಕರಣ ಅಧ್ಯಯನ

ಕಲಬುರಗಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಯ ಮಕ್ಕಳು ಗ್ರೀಕ್ ದುರಂತ ನಾಟಕ ‘ಅಂತಿಗೊನೆ’ಯನ್ನು ತಮ್ಮ ಸೀಮೆಯ ಕಥೆಯಾಗಿ ಮಾಡಿಕೊಂಡು ಆಡಿದರು. ನಾಟಕದ ಶಿಕ್ಷಕರಿಗೆ ನೆರವಾಗಲು ನಾನು ಹೊರಗಿನಿಂದ ಹೋಗುತ್ತಿದ್ದೆ. ತಾಲೀಮಿನ ಬಹುಪಾಲು ಕಣ್ಣೆದುರೇ ನಡೆಯಿತು. ಶಾಲೆ, ಊರು, ವರ್ಷ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಮಕ್ಕಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ದುರಂತ ನಾಟಕ ಮಾಡಿಸಬೇಕು ಎಂದುಕೊಂಡು ಕೊನೆಗೆ ಭಯಪಟ್ಟು ಬಿಟ್ಟುಬಿಡುವ ಶಿಕ್ಷಕರು ತುಂಬ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ಅದು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಗಳಿರುವ ಸೀಮೆ. ಮಕ್ಕಳ ಮನೆಯವರು ತೊಗರಿ ಹೊಲದಲ್ಲಿ, ಖಣಿಯಲ್ಲಿ ದುಡಿಯುತ್ತಾರೆ. ಕೆಲವರ ಅಪ್ಪ-ಅವ್ವ ಗುಳೆ ಹೋಗಿರುತ್ತಾರೆ, ಮಕ್ಕಳು ಅಜ್ಜಿಯ ಹತ್ತಿರ ಬೆಳೆಯುತ್ತಿರುತ್ತಾರೆ. ಆ ಶಾಲೆಗೆ ನಾಟಕದ ಶಿಕ್ಷಕರೊಬ್ಬರು ಇದ್ದದ್ದು ದೊಡ್ಡ ಅದೃಷ್ಟ. ಆದರೆ ಹತ್ತನೇ ತರಗತಿಯನ್ನು ಅವರು ಮುಟ್ಟುವಂತಿರಲಿಲ್ಲ. ಅಲ್ಲಿ ಎಸ್‌ಎಸ್‌ಎಲ್‌ಸಿ ವಿಶೇಷ ತರಗತಿಗಳು ನಡೆಯುತ್ತಿದ್ದವು. ಹಾಗಾಗಿ ಒಂಬತ್ತನೇ ತರಗತಿ. ತಾಲೀಮಿಗೆ ಸಿಕ್ಕಿದ್ದು ನಾಟಕದ ಪೀರಿಯಡ್ ಮತ್ತು ಬಿಸಿಯೂಟದ ನಂತರದ ಒಂದಿಷ್ಟು ಹೊತ್ತು. ಸಂಜೆ ನಿಲ್ಲಿಸಿಕೊಂಡರೆ ಪಕ್ಕದ ಹಳ್ಳಿಯ ಹುಡುಗಿಯರಿಗೆ ಬಸ್ ತಪ್ಪುತ್ತಿತ್ತು. ಡಿಸೆಂಬರ್ ಬಂತೆಂದರೆ ತೊಗರಿ ಕೊಯ್ಲು, ಹಾಜರಿ ಇನ್ನೂ ಇಳಿಯುತ್ತಿತ್ತು.

ಶಿಕ್ಷಕರು ಪುಸ್ತಕ ಕೊಡಲಿಲ್ಲ. ಮೊದಲು ಕಥೆ ಹೇಳಿದರು.

ಅಥೆನ್ಸಿನ ಸೋಫೋಕ್ಲಿಸ್ ಕ್ರಿ.ಪೂ. 441ರ ಸುಮಾರಿಗೆ ಬರೆದ ನಾಟಕ ಅದು. ಥೀಬ್ಸ್ ಪಟ್ಟಣದ ಗಾದಿಗಾಗಿ ಇಬ್ಬರು ಅಣ್ಣತಮ್ಮಂದಿರು ಹೊಡೆದಾಡಿ ಇಬ್ಬರೂ ಸಾಯುತ್ತಾರೆ. ಗಾದಿ ಅವರ ಸೋದರಮಾವ ಕ್ರಿಯಾನ್‌ಗೆ ಬರುತ್ತದೆ. ಊರ ಪರ ನಿಂತವನಿಗೆ ಮರ್ಯಾದೆಯ ಮಣ್ಣು, ಊರ ಮೇಲೆ ದಂಡು ತಂದವನ ಹೆಣ ನಾಯಿ ಹದ್ದುಗಳ ಪಾಲು ಎಂದು ಅವನು ಸಾರಿಸುತ್ತಾನೆ. ಆ ಹೆಣಕ್ಕೆ ಮಣ್ಣು ಹಾಕಿದವರನ್ನು ಕಲ್ಲು ಹೊಡೆದು ಕೊಲ್ಲಬೇಕೆಂಬ ಆಜ್ಞೆ ಬೇರೆ. ತಂಗಿ ಅಂತಿಗೊನೆ ಹೋಗಿ ಮಣ್ಣು ಹಾಕುತ್ತಾಳೆ. ಕಾವಲಿನವರು ಅದನ್ನು ಗುಡಿಸಿ ತೆಗೆಯುತ್ತಾರೆ. ಅವಳು ಮತ್ತೆ ಹೋಗುತ್ತಾಳೆ, ಸಿಕ್ಕಿಬೀಳುತ್ತಾಳೆ. ಕ್ರಿಯಾನ್ ಅವಳನ್ನು ಕಲ್ಲಿನ ಗವಿಯಲ್ಲಿ ಜೀವಂತ ಮುಚ್ಚಿಸುತ್ತಾನೆ. ಅವಳನ್ನು ಮದುವೆಯಾಗಬೇಕಿದ್ದ ಹೀಮನ್ ಕ್ರಿಯಾನ್‌ನ ಸ್ವಂತ ಮಗ. ಅವನು ತಂದೆಗೆ ಬುದ್ಧಿ ಹೇಳಿ ಸೋಲುತ್ತಾನೆ. ಕುರುಡ ಟೈರೀಸಿಯಸ್ ಬಂದು ಎಚ್ಚರಿಸಿದಾಗ ಕ್ರಿಯಾನ್‌ನ ಮನಸ್ಸು ಬದಲಾಗುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ. ಅಂತಿಗೊನೆ, ಹೀಮನ್, ಕೊನೆಗೆ ಕ್ರಿಯಾನ್‌ನ ಹೆಂಡತಿ, ಮೂವರೂ ತಮ್ಮ ಜೀವ ತಾವೇ ತೆಗೆದುಕೊಳ್ಳುತ್ತಾರೆ.

ಮಕ್ಕಳಿಗೆ ಈ ಕಥೆ ದೂರದ್ದು ಅನಿಸಲೇ ಇಲ್ಲ. ಸೋದರಮಾವನ ಮಗನ ಜೊತೆ ಲಗ್ನ ಗೊತ್ತಾಗುವುದು ಅವರ ಮನೆಗಳಲ್ಲಿ ಇರುವಂಥದ್ದೇ. ಮಣ್ಣಿಗೆ ಹೋಗಿ ಬರುವುದು ಎಲ್ಲರಿಗೂ ಗೊತ್ತು. ತರಗತಿಯಲ್ಲಿ ಲಿಂಗಾಯತರು, ಮುಸ್ಲಿಮರು, ದಲಿತರು, ಕ್ರೈಸ್ತರು ಇದ್ದರು. ಹೆಣಕ್ಕೆ ಹಿಡಿ ಮಣ್ಣು ಹಾಕದೆ ಬಿಡುವುದು ಎಂಥ ಅನ್ಯಾಯ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಒಬ್ಬ ಹುಡುಗ ಕೇಳಿದ್ದು ಒಂದೇ ಪ್ರಶ್ನೆ: “ಸತ್ತ ಮ್ಯಾಲೂ ಸಿಟ್ಟು ಯಾಕ್ರಿ ಸರ್?” ನಾಟಕ ಯಾವುದು ಎನ್ನುವುದು ಅಲ್ಲಿಗೇ ತೀರ್ಮಾನವಾಯಿತು.

ಮುಖ್ಯ ಗುರುಗಳು ಮಾತ್ರ, ನಮ್ಮಲ್ಲೇ ಇಷ್ಟು ಕಥೆಗಳಿರುವಾಗ ಪರದೇಶದ್ದು ಯಾಕೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಶಿಕ್ಷಕರು ಬಿ.ಎಂ. ಶ್ರೀಕಂಠಯ್ಯನವರ ಉದಾಹರಣೆ ಕೊಟ್ಟರು. ಶ್ರೀಯವರು ಇದೇ ಸೋಫೋಕ್ಲಿಸ್‌ನ ‘ಏಜಾಕ್ಸ್’ ನಾಟಕವನ್ನು ಮಹಾಭಾರತದ ಕಥೆಗೆ ಹೊಂದಿಸಿ ‘ಅಶ್ವತ್ಥಾಮನ್’ ಬರೆದರು. 1928ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹೊರಗಿನ ದುರಂತವನ್ನು ಒಳಗೆ ತಂದುಕೊಳ್ಳುವ ದಾರಿ ಕನ್ನಡಕ್ಕೆ ಹೊಸದಲ್ಲ. ಮುಖ್ಯ ಗುರುಗಳು ಒಪ್ಪಿದರು. ವಾರ್ಷಿಕೋತ್ಸವದಲ್ಲಿ ಡ್ಯಾನ್ಸ್‌ಗಳ ಜೊತೆ ನಾಟಕಕ್ಕೂ ಜಾಗ ಸಿಕ್ಕಿತು.

ಕಥೆ ಊರಿಗೆ ಬಂದದ್ದು

ಹೆಸರುಗಳನ್ನು ಮಕ್ಕಳೇ ಇಟ್ಟರು. ಅಂತಿಗೊನೆ ಗಂಗವ್ವ ಆದಳು, ಅವಳ ಸಹೋದರಿ ಇಸ್ಮೀನ್ ಈರವ್ವ. ಗವಿಯ ಜಾಗದಲ್ಲಿ ಕೆಲಸ ನಿಂತುಹೋದ ಕಲ್ಲಿನ ಖಣಿ ಬಂತು. ಟೈರೀಸಿಯಸ್ ಏಕತಾರಿ ಹಿಡಿದ ಕಣ್ಣಿಲ್ಲದ ತತ್ವಪದಕಾರನಾದ. ಮೂಲದಲ್ಲೂ ಅವನನ್ನು ಒಬ್ಬ ಹುಡುಗ ಕೈಹಿಡಿದು ಕರೆತರುತ್ತಾನೆ, ಅದನ್ನು ಹಾಗೇ ಉಳಿಸಿಕೊಂಡರು. ಗ್ರೀಕ್ ನಾಟಕದಲ್ಲಿ ಗುಂಪಾಗಿ ಹಾಡುತ್ತ, ನಡೆದದ್ದರ ಬಗ್ಗೆ ಮಾತಾಡುವ ಮೇಳ ಇಲ್ಲಿ ಊರ ಕಟ್ಟೆಯ ಹಿರಿಯರಾಯಿತು.

ಮೇಳಕ್ಕೆ ಯಾವ ಹಾಡಿನ ಧಾಟಿ ಎನ್ನುವ ಚರ್ಚೆ ಬಂತು. ಈ ಕಡೆಯ ಹಳ್ಳಿಗಳಲ್ಲಿ ಮೊಹರಂ ಹೊತ್ತಿಗೆ ಹಿಂದೂ ಮುಸ್ಲಿಂ ಎನ್ನದೆ ರಿವಾಯತ್ ಪದ ಹಾಡುತ್ತಾರೆ. ಕರ್ಬಲಾದ ದುಃಖದ ಕಥೆಗಳವು. ದುರಂತ ನಾಟಕಕ್ಕೆ ಇದಕ್ಕಿಂತ ಒಳ್ಳೆಯ ಧಾಟಿ ಇಲ್ಲ ಎಂದು ಮಕ್ಕಳು ಹಿಡಿದು ಕೂತರು. ಶಿಕ್ಷಕರಿಗೂ ಆಸೆ ಇತ್ತು. ಆದರೂ ಮೊದಲು ರಿವಾಯತ್ ಹಾಡುವ ಹಿರಿಯರೊಬ್ಬರನ್ನು ಕೇಳಿ ಬರಲು ಮಕ್ಕಳನ್ನೇ ಕಳಿಸಿದರು. ಅವರು ಬೇಡ ಎಂದರು. ಆ ಧಾಟಿ ಆ ದಿನಗಳಿಗೆ, ಆ ಸಾವಿಗೆ ಸೇರಿದ್ದು, ಬೇರೆ ಕಥೆಗೆ ಹಚ್ಚಬಾರದು ಎಂದರು. ಬದಲಿಗೆ, ಕಣದಲ್ಲಿ ರಾಶಿ ಮಾಡುವಾಗ ಹಾಡುವ ಹಂತಿ ಪದದ ಧಾಟಿ ಹೇಳಿಕೊಟ್ಟರು. ಒಬ್ಬ ಹೇಳುವುದು, ಹಿಂದಿನವರು ಎತ್ತಿಕೊಳ್ಳುವುದು. ಮೇಳಕ್ಕೆ ಸರಿಯಾಗಿ ಒಪ್ಪಿತು. ಕೇಳಿ ಬರಲು ಹೋಗದೇ ಇದ್ದಿದ್ದರೆ ನಾಟಕದ ದಿನ ಯಾರದೋ ಮನಸ್ಸು ನೋಯುತ್ತಿತ್ತು.

ಪಾತ್ರ ಹಂಚುವಾಗ ಇನ್ನೊಂದು ಸೂಕ್ಷ್ಮ ಎದುರಾಯಿತು. ಕ್ರಿಯಾನ್‌ಗೆ ಮಕ್ಕಳು ಮೊದಲು ‘ಗೌಡ’ ಎಂದು ಹೆಸರಿಟ್ಟು, ಗೌಡರ ಮನೆಯ ಹುಡುಗನನ್ನೇ ಮುಂದೆ ತಳ್ಳಿದರು. ಕಾವಲುಗಾರನಿಗೆ ‘ತಳವಾರ’ ಎಂದಿಟ್ಟರು. ಅದೇ ಅಡ್ಡಹೆಸರಿನ ಮಕ್ಕಳು ತರಗತಿಯಲ್ಲಿದ್ದರು. ಶಿಕ್ಷಕರು ಎರಡನ್ನೂ ಅಲ್ಲಿಯೇ ನಿಲ್ಲಿಸಿದರು. ಗೌಡ ಹೋಗಿ ‘ಧಣಿ’ ಬಂತು, ತಳವಾರ ಹೋಗಿ ‘ಪಹರೆಯವ’ ಬಂತು. ಯಾರ ಮನೆತನಕ್ಕೂ ಹತ್ತಿರವಾಗುವ ಪಾತ್ರ ಆ ಮನೆಯ ಮಗುವಿಗೆ ಹೋಗಬಾರದು ಎಂದು ನಿಯಮ ಮಾಡಿಕೊಂಡರು. ನಾಟಕ ಮುಗಿದ ಮರುದಿನವೂ ಆ ಹುಡುಗ ಅದೇ ಬೆಂಚಿನ ಮೇಲೆ ಕೂರಬೇಕು, ಅಲ್ವಾ?

ಸಮಸ್ಯೆ

ಶಿಕ್ಷಕರು ಒಂದು ದಿನ ಮಕ್ಕಳನ್ನು ಗುಂಪು ಮಾಡಿ, ಕೊನೆಯ ದೃಶ್ಯವನ್ನು ನೀವೇ ಕಟ್ಟಿ ತೋರಿಸಿ ಎಂದರು. ಒಂದು ಗುಂಪಿನ ಹುಡುಗಿ ತನ್ನ ಓಢಣಿ ತೆಗೆದು, ಗಂಗವ್ವ ಸಾಯುವುದನ್ನು ಮಾಡಿ ತೋರಿಸಲು ಹೊರಟಳು. ಉಳಿದವರು ಚಪ್ಪಾಳೆ ತಟ್ಟಿದರು. ಒಂದು ಮಗು ಮಾತ್ರ ಎದ್ದು ಹೊರಗೆ ಹೋಯಿತು.

ಶಿಕ್ಷಕರು ದೃಶ್ಯ ನಿಲ್ಲಿಸಿದರು. ಗದರಿಸಲಿಲ್ಲ. ಬೇರೆ ಆಟ ಆಡಿಸಿ ಪೀರಿಯಡ್ ಮುಗಿಸಿದರು. ಆಮೇಲೆ ತರಗತಿ ಶಿಕ್ಷಕಿಯ ಹತ್ತಿರ ಹೋದರು. ಹೊರಗೆ ಹೋದ ಮಗುವಿನ ಮನೆಯಲ್ಲಿ ಅಂಥದ್ದೇ ಸಾವು ಆಗಿತ್ತು ಎಂದು ಗೊತ್ತಾದದ್ದು ಆಗ. ತರಗತಿ ಶಿಕ್ಷಕಿಗೆ ತಿಳಿದಿತ್ತು. ನಾಟಕದ ಪೀರಿಯಡ್‌ನಲ್ಲಿ ಏನು ನಡೆಯುತ್ತಿದೆ ಎನ್ನುವುದು ಅವರಿಗೆ ತಿಳಿದಿರಲಿಲ್ಲ. ಒಂದೇ ಕಟ್ಟಡದ ಎರಡು ಕೋಣೆಗಳ ನಡುವೆ ಈ ಮಾತು ಓಡಾಡಿರಲಿಲ್ಲ.

ಈ ಪ್ರಕರಣದ ನಡುಮಧ್ಯದ ಪ್ರಶ್ನೆ ಇದೇ. ಮೂರು ಜನ ತಾವೇ ಸಾಯುವ ನಾಟಕವನ್ನು ಹದಿನಾಲ್ಕು ಹದಿನೈದು ವಯಸ್ಸಿನ ಮಕ್ಕಳ ಕೈಲಿ ಹೇಗೆ ಆಡಿಸುವುದು? ಸಾವನ್ನು ಹೆಚ್ಚುಗಾರಿಕೆ ಮಾಡಿ ತೋರಿಸಬಾರದು. ಹೇಗೆ ಸತ್ತರು ಎಂದು ತೋರಿಸುವುದಂತೂ ಬೇಡವೇ ಬೇಡ. ಹಾಗಂತ ಕಥೆಯ ಬೆನ್ನೆಲುಬನ್ನೇ ಮುರಿದರೆ ಉಳಿಯುವುದೇನು?

ಏನೇನು ಪ್ರಯತ್ನಿಸಿದರು

ಮೊದಲ ಸಲಹೆ ಮುಖ್ಯ ಗುರುಗಳದು. ಧಣಿ ಸಮಯಕ್ಕೆ ಸರಿಯಾಗಿ ಖಣಿಗೆ ಹೋಗಲಿ, ಗಂಗವ್ವ ಬದುಕಲಿ, ಲಗ್ನದಲ್ಲಿ ನಾಟಕ ಮುಗಿಯಲಿ ಎಂದರು. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಒಬ್ಬ ಸದಸ್ಯರೂ ಇದನ್ನೇ ಹೇಳಿದರು. ಅವರ ಕಾಳಜಿ ನಿಜವಾದದ್ದು. ಶಿಕ್ಷಕರು ಅದನ್ನು ಮಕ್ಕಳ ಮುಂದಿಟ್ಟರು. ಒಂದು ಸಲ ಹಾಗೆ ಆಡಿಯೂ ನೋಡಿದರು. ಮುಗಿದ ಮೇಲೆ ಧಣಿಯ ಪಾತ್ರದ ಹುಡುಗನೇ ತಕರಾರು ತೆಗೆದ. “ಸರ್, ನಾ ಏನೂ ಕಳಕೊಳ್ಳಲಿಲ್ಲಲ್ರಿ. ನಾಳಿ ಮತ್ತ ಹಂಗೇ ಡಂಗುರ ಹೊಡಸ್ತೀನಿ.” ಆ ಮಾತಿಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಎರಡನೇ ದಾರಿ, ಸಾವಿನ ಮುಂಚೆಯೇ ನಾಟಕ ನಿಲ್ಲಿಸುವುದು. ಗಂಗವ್ವ ಖಣಿಗೆ ನಡೆಯುತ್ತಾಳೆ, ಅಲ್ಲಿಗೆ ಮುಗಿತಾಯ. ಇದು ಸುರಕ್ಷಿತವಾಗಿತ್ತು. ಆದರೆ ಮನಸ್ಸು ಬದಲಾಯಿಸುವ ಧಣಿ ಇದರಲ್ಲಿ ಬರುವುದೇ ಇಲ್ಲ. ಅಧಿಕಾರದಲ್ಲಿರುವವನು ತಾನು ತಪ್ಪಿದೆ ಎಂದು ಒಪ್ಪುವ ಭಾಗವನ್ನೇ ಕತ್ತರಿಸಿದರೆ ಮಕ್ಕಳಿಗೆ ಕೊಡುವುದು ಅರ್ಧ ನಾಟಕ. ನನಗೂ ಇದು ಸರಿ ಅನಿಸಲಿಲ್ಲ.

ದಾರಿ ಸಿಕ್ಕಿದ್ದು ಮೂಲ ನಾಟಕದಲ್ಲೇ. ಸೋಫೋಕ್ಲಿಸ್ ‘ಅಂತಿಗೊನೆ’ಯಲ್ಲಿ ಒಂದು ಸಾವನ್ನೂ ರಂಗದ ಮೇಲೆ ತೋರಿಸುವುದಿಲ್ಲ. ದೂತ ಬಂದು ಹೇಳುತ್ತಾನೆ. ಎರಡು ಸಾವಿರದ ನಾನೂರು ವರ್ಷಗಳಿಗೂ ಹಿಂದಿನ ಈ ಪದ್ಧತಿ ನಮ್ಮ ಒಂಬತ್ತನೇ ತರಗತಿಗೆ ಹೇಳಿ ಮಾಡಿಸಿದಂತಿತ್ತು. ಒಂದೇ ತೊಡಕು. ಮೂಲದ ದೂತ ಸಾವು ಹೇಗಾಯಿತು ಎಂದು ಬಿಡಿಸಿ ಹೇಳುತ್ತಾನೆ. ತರಗತಿ ಶಿಕ್ಷಕಿ ಅದನ್ನು ಖಡಾಖಂಡಿತವಾಗಿ ಬೇಡ ಎಂದರು. ಅವರು ಹೇಳಿದ್ದು ಸರಿ. ದೂತನ ಮಾತನ್ನು ಮಕ್ಕಳೇ ಹೊಸದಾಗಿ ಬರೆದರು. ಕಟ್ಟೆಯ ಹಿರಿಯರು “ಹ್ಯಾಂಗ ಸತ್ತಳು?” ಎಂದು ಕೇಳುತ್ತಾರೆ. ದೂತ ಹೇಳುತ್ತಾನೆ: “ಹ್ಯಾಂಗ ಅಂತ ಕೇಳಬ್ಯಾಡ್ರಿ. ಯಾಕ ಅಂತ ಕೇಳ್ರಿ.” ಈ ಸಾಲು ಬರೆದದ್ದು ತರಗತಿಯಲ್ಲಿ ಬಾಯಿ ಬಿಡದ ಒಬ್ಬ ಹುಡುಗಿ.

ಧಣಿಯ ಹೆಂಡತಿಯ ಸಾವನ್ನು ಪೂರ್ತಿ ಬಿಟ್ಟರು. ಮೂಲದಲ್ಲಿ ಅವಳು ಸುದ್ದಿ ಕೇಳಿ ಒಂದೂ ಮಾತಾಡದೆ ಒಳಗೆ ಹೋಗುತ್ತಾಳೆ. ಇಲ್ಲಿ ಅವಳು ಹೋಗುವುದಿಲ್ಲ. ಗಂಡನ ಎದುರಿಗೇ ಕೂರುತ್ತಾಳೆ, ಕೊನೆಯವರೆಗೂ ಬದುಕಿರುತ್ತಾಳೆ. ಧಣಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ಸಾವಿನ ಮೇಲಿದ್ದ ಭಾರ ಇಳಿದ ಮೇಲೆ ಮಕ್ಕಳ ಕಣ್ಣು ಬೇರೆ ಜಾಗಕ್ಕೆ ಹೋಯಿತು. ಟೈರೀಸಿಯಸ್ ಹೋದ ಮೇಲೆ ಕ್ರಿಯಾನ್ ಹೆದರಿ, ಏನು ಮಾಡಲಿ ಎಂದು ಕೇಳುತ್ತಾನೆ. ಮೇಳ ಹೇಳುವುದು: ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಸತ್ತವನಿಗೆ ಮಣ್ಣು ಮಾಡು. ಕ್ರಿಯಾನ್ ಮೊದಲು ಹೋಗುವುದು ಹೆಣದ ಹತ್ತಿರ. ಅದನ್ನು ಮುಗಿಸಿಕೊಂಡು ಗವಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಪಠ್ಯದಲ್ಲಿ ಇದು ಚಿಕ್ಕ ಜಾಗ, ಓದುವಾಗ ಸುಮ್ನೆ ದಾಟಿ ಹೋಗುತ್ತೇವೆ. ಮಕ್ಕಳು ದಾಟಲಿಲ್ಲ. ಬದುಕಿದ್ದವಳ ಹತ್ತಿರ ಯಾಕೆ ಮೊದಲು ಹೋಗಲಿಲ್ಲ ಎಂದು ಒಂದಿಡೀ ಪೀರಿಯಡ್ ಜಗಳವಾಡಿದರು. ದೇವರ ಸಿಟ್ಟಿಗೆ ಹೆದರಿದ ಎಂದರು ಕೆಲವರು. ಊರವರ ಮುಂದೆ ತಪ್ಪು ಸರಿ ಮಾಡಿದ್ದು ಕಾಣಬೇಕಿತ್ತು ಎಂದರು ಇನ್ನು ಕೆಲವರು. ಒಬ್ಬಳು, ಅವಳ ಮುಖ ನೋಡಲು ನಾಚಿಕೆಯಾಗಿ ತಡ ಮಾಡಿದ ಎಂದಳು.

ಅಲ್ಲಿಂದ ನಾಟಕದ ತಿರುಳು ಬದಲಾಯಿತು. ಧಣಿ ಕೂಡುದಾರಿಯಲ್ಲಿ ನಿಲ್ಲುವ ದೃಶ್ಯವನ್ನು ಶಿಕ್ಷಕರು ದೊಡ್ಡದು ಮಾಡಿದರು. ಒಂದು ದಾರಿ ಹೆಣಕ್ಕೆ, ಒಂದು ಖಣಿಗೆ. ಮೇಳದವರು ಎರಡು ಕಡೆಯಿಂದಲೂ ಕೂಗುತ್ತಾರೆ. ಅವನಿಗೆ ಆಯ್ಕೆ ಇದೆ, ಹೊತ್ತೂ ಇದೆ. ತಾಲೀಮಿನಲ್ಲಿ ಬೇರೆ ಬೇರೆ ಮಕ್ಕಳು ಧಣಿಯಾಗಿ ಅಲ್ಲಿ ನಿಂತು, ತಮಗೆ ಸರಿ ಕಂಡ ದಾರಿ ಹಿಡಿದು, ಯಾಕೆ ಹಿಡಿದೆ ಎಂದು ಹೇಳಬೇಕಿತ್ತು. ಶಾಲೆಯ ನಾಟಕದಲ್ಲಿ ಮಕ್ಕಳು ಇಷ್ಟು ಗಟ್ಟಿಯಾಗಿ ಯೋಚಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅತ್ತ, ಹೊರಗೆ ಹೋಗಿದ್ದ ಮಗುವಿನ ಜೊತೆ ತರಗತಿ ಶಿಕ್ಷಕಿ ಒಬ್ಬರೇ ಕೂತು ಮಾತಾಡಿದರು. ನಾಟಕ ಬಿಡಬಹುದು, ಇರಬಹುದು, ನಡುವೆ ಎದ್ದು ಹೋಗಬಹುದು, ಯಾರೂ ಕಾರಣ ಕೇಳುವುದಿಲ್ಲ ಎಂದರು. ಮಗು ತಾಳ ಹಾಕುವ ಕೆಲಸ ಕೇಳಿ ಪಡೆಯಿತು. ಕೊನೆಯ ದೃಶ್ಯದ ತಾಲೀಮು ಇದ್ದ ದಿನಗಳಲ್ಲಿ ಕೆಲವು ಸಲ ಬರುತ್ತಿತ್ತು, ಕೆಲವು ಸಲ ಇಲ್ಲ. ಶಿಕ್ಷಕಿ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ 14416 ಮತ್ತು ಮಕ್ಕಳ ಸಹಾಯವಾಣಿಯ 1098, ಈ ಎರಡು ಸಂಖ್ಯೆಗಳನ್ನು ತರಗತಿಯ ಗೋಡೆಗೆ ಬರೆಸಿದರು. ಇಡೀ ತರಗತಿಗೆ ಎಂದು ಬರೆಸಿದರು, ಯಾರನ್ನೂ ಬೊಟ್ಟು ಮಾಡಲಿಲ್ಲ.

ಗಂಗವ್ವ ಇಲ್ಲದ ನಾಟಕ

ವಾರ್ಷಿಕೋತ್ಸವ ಹತ್ತಿರ ಬಂದಾಗ ಗಂಗವ್ವನ ಪಾತ್ರದ ಹುಡುಗಿಯನ್ನು ಮನೆಯವರು ಬಿಡಿಸಿದರು. ಹುಡುಗಿ ಹಿರಿಯರ ಎದುರು ದನಿ ಏರಿಸಿ ಮಾತಾಡುವುದು, ಅದೂ ಊರ ಜನರ ಮುಂದೆ, ಅವರಿಗೆ ಬೇಕಿರಲಿಲ್ಲ. ಜೊತೆಗೆ ಇನ್ನೊಂದು ಸುದ್ದಿ ಹಬ್ಬಿತ್ತು. ಹತ್ತಿರದ ಹಳ್ಳಿಯಲ್ಲಿ ಸ್ಮಶಾನದ ಜಾಗದ ಜಗಳ ಇತ್ತು, ಶಾಲೆಯವರು ಅದರ ಮೇಲೆ ನಾಟಕ ಮಾಡುತ್ತಿದ್ದಾರೆ ಎಂದು.

ಶಿಕ್ಷಕರು ಮತ್ತು ತರಗತಿ ಶಿಕ್ಷಕಿ ಮನೆಗೆ ಹೋದರು. ಚಹಾ ಕೊಟ್ಟರು, ಮರ್ಯಾದೆ ಕೊಟ್ಟರು, ಒಪ್ಪಲಿಲ್ಲ. “ಸರ್, ನಿಮ್ಮ ಮ್ಯಾಲ ನಮಗ ಸಿಟ್ಟಿಲ್ಲ. ನಾಳಿ ಅಕಿ ಲಗ್ನದ ಮಾತ ಬಂದಾಗ ಮಂದಿ ಇದನ್ನೇ ಹೇಳ್ತಾರ,” ಎಂದರು ತಾಯಿ. ಒತ್ತಾಯ ಮಾಡಿದರೆ ಹುಡುಗಿಗೇ ಕಷ್ಟವಾಗುತ್ತದೆ ಎಂದು ಇಬ್ಬರೂ ಎದ್ದು ಬಂದರು.

ಬೇರೆ ಹುಡುಗಿಗೆ ಇಡೀ ಪಾತ್ರ ಕಲಿಸಲು ಸಮಯ ಇರಲಿಲ್ಲ. ಕಲಿಸಿದರೂ ಅವಳ ಮನೆಯಲ್ಲಿ ಇದೇ ಮಾತು ಬರುತ್ತಿತ್ತು. ಶಿಕ್ಷಕರು ಪಾತ್ರವನ್ನು ಮೂವರು ಹುಡುಗಿಯರಿಗೆ ಹಂಚಿದರು. ರಂಗದ ಮೇಲೆ ಒಂದು ಮಣ್ಣಿನ ಬುಟ್ಟಿ. ಅದು ಯಾರ ಕೈಲಿದೆಯೋ ಅವಳು ಗಂಗವ್ವ. ಒಬ್ಬಳು ಮಾತಾಡಿ ದಣಿದಾಗ ಬುಟ್ಟಿ ಇನ್ನೊಬ್ಬಳ ಕೈಗೆ ಹೋಗುತ್ತದೆ. ಪಹರೆಯವರು ಮಣ್ಣು ಗುಡಿಸಿದ ಮೇಲೆ ಎರಡನೇ ಸಲ ಬರುವವಳು ಬೇರೆ ಹುಡುಗಿ.

ಅವಸರಕ್ಕೆ ಹುಡುಕಿದ ಉಪಾಯ ಇದು. ಆದರೆ ಮೂರು ತೊಂದರೆಗಳನ್ನು ಒಟ್ಟಿಗೆ ಬಿಡಿಸಿತು. ಊರಿನ ಮಾತು ಒಬ್ಬಳ ಹೆಸರಿಗೆ ಅಂಟಿಕೊಳ್ಳಲಿಲ್ಲ. ಸಾಯುವ ಪಾತ್ರವನ್ನು ಒಬ್ಬಳೇ ಹೊತ್ತು ಮನೆಗೆ ಹೋಗಬೇಕಾಗಲಿಲ್ಲ. ಕೊಯ್ಲಿಗೆ ಒಬ್ಬಳು ಹೋದರೂ ತಾಲೀಮು ನಿಲ್ಲಲಿಲ್ಲ.

ಸ್ಮಶಾನದ ಸುದ್ದಿಗೆ ಶಿಕ್ಷಕರು ಮಾಡಿದ್ದು ಒಂದೇ ಕೆಲಸ. ಒಂದು ತಾಲೀಮನ್ನು ಪೋಷಕರಿಗೆ ತೆರೆದಿಟ್ಟರು. ಬಂದವರು ಕಡಿಮೆ. ಬಂದವರು ಹೊರಗೆ ಹೋಗಿ, ಅದು ಹಳೇ ರಾಜನ ಕಥೆ ಎಂದು ಹೇಳಿದರು. ಅಷ್ಟು ಸಾಕಾಯಿತು.

ಆಡಿದ ದಿನ

ಮೈಕ್ ಕೈಕೊಟ್ಟಿತು, ಹಿಂದೆ ಕೂತವರಿಗೆ ಅರ್ಧ ಮಾತು ಕೇಳಿಸಲಿಲ್ಲ. ಪಹರೆಯವನ ದೃಶ್ಯಕ್ಕೆ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಕೂಡುದಾರಿಯ ದೃಶ್ಯದಲ್ಲಿ ಮುಂದಿನ ಸಾಲಿನ ಹೆಂಗಸೊಬ್ಬರು ಎದ್ದೇ ನಿಂತು, “ಖಣಿ ಕಡಿ ಹೋಗೋ ಯಪ್ಪಾ!” ಎಂದು ಕೂಗಿದರು. ಹುಡುಗ ಒಂದು ಕ್ಷಣ ತಡವರಿಸಿ, ಆಮೇಲೆ ಹೆಣದ ದಾರಿ ಹಿಡಿದ. ದೂತನ ಮಾತಿಗೆ ಸಭೆ ಸ್ತಬ್ಧವಾಯಿತು ಎಂದೇನೂ ಹೇಳಲಾರೆ. ಗದ್ದಲ ಇತ್ತು, ಸಣ್ಣ ಮಕ್ಕಳು ಅಳುತ್ತಿದ್ದವು. ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಂಡರು.

ಎಲ್ಲರಿಗೂ ಹಿಡಿಸಲಿಲ್ಲ. ಎಸ್‌ಡಿಎಂಸಿಯ ಆ ಸದಸ್ಯರು, ಸಂತೋಷದ ದಿನ ಇಂಥದ್ದು ಬೇಕಿತ್ತೇ ಎಂದು ಕೊನೆಗೂ ಕೇಳಿದರು. ಬಿಟ್ಟುಹೋದ ಹುಡುಗಿ ತಾಯಿಯ ಜೊತೆ ಕೂತು ನಾಟಕ ನೋಡಿದಳು, ತಂಡಕ್ಕೆ ಮರಳಲಿಲ್ಲ. ಇದನ್ನು ಯಶಸ್ಸಿನ ಲೆಕ್ಕಕ್ಕೆ ಸೇರಿಸಲು ನನಗೆ ಮನಸ್ಸಿಲ್ಲ. ಪಾತ್ರವನ್ನು ಮೂವರಿಗೆ ಹಂಚುವ ಯೋಚನೆ ಮೊದಲೇ ಬಂದಿದ್ದರೆ ಆ ಮೂವರಲ್ಲಿ ಅವಳೂ ಒಬ್ಬಳಾಗಬಹುದಿತ್ತು.

ನಾಟಕ ಆದ ಮೇಲೆ ತರಗತಿಯಲ್ಲಿ ಎಲ್ಲರೂ ಸುತ್ತ ಕೂತು ಮಾತಾಡಿದರು. ಅದಾದ ಕೆಲವು ದಿನಗಳಿಗೆ ಒಂದು ಮಗು ತರಗತಿ ಶಿಕ್ಷಕಿಯ ಹತ್ತಿರ ಬಂದು ಮನೆಯ ಕಷ್ಟವೊಂದನ್ನು ಹೇಳಿಕೊಂಡಿತು. ತಾಳ ಹಾಕಿದ ಮಗು ಅಲ್ಲ, ಯಾರೂ ಊಹಿಸದ ಬೇರೊಂದು ಮಗು. ಶಿಕ್ಷಕಿ ಅದನ್ನು ತಲುಪಬೇಕಾದವರಿಗೆ ತಲುಪಿಸಿದರು. ಹೆಚ್ಚಿನ ವಿವರ ಇಲ್ಲಿ ಬೇಡ.

ಇದರಿಂದ ತಿಳಿದದ್ದು

ಮೊದಲನೆಯದು, ಸಾವನ್ನು ತೋರಿಸದೆ ಹೇಳಿಸಿದರೆ ದುರಂತ ಸಪ್ಪೆಯಾಗುವುದಿಲ್ಲ. ನೋಡುವವರ ಗಮನ ತೀರ್ಮಾನದ ಮೇಲೆ ಹೋಗುತ್ತದೆ. ಶಾಲೆಗೆ ಬೇಕಾದದ್ದೂ ಅದೇ. ಕೊನೆಯನ್ನು ಸುಖಾಂತ ಮಾಡಿ ಎನ್ನುವ ಒತ್ತಡ ಎಲ್ಲ ಶಾಲೆಗಳಲ್ಲೂ ಬರುತ್ತದೆ. ಬಂದಾಗ ವಾದಕ್ಕೆ ಇಳಿಯುವ ಬದಲು ಅದನ್ನು ಒಂದು ಸಲ ಆಡಿ ನೋಡಲು ಬಿಡಿ. ಕಥೆಗೆ ಏನು ಕಡಿಮೆಯಾಯಿತು ಎಂದು ಮಕ್ಕಳೇ ಹೇಳುತ್ತಾರೆ.

ಇನ್ನೊಂದು, ನಾಟಕದ ಶಿಕ್ಷಕರು ಮತ್ತು ತರಗತಿ ಶಿಕ್ಷಕರು ಪಾತ್ರ ಹಂಚುವ ಮೊದಲೇ ಕೂತು ಮಾತಾಡಬೇಕು. ಹೆಸರು ಹಿಡಿದು ಮಕ್ಕಳ ಮನೆಯ ಕಥೆ ಕೆದಕಬೇಕಾಗಿಲ್ಲ. “ಈ ಕಥೆಯಲ್ಲಿ ಇಂಥ ಸಾವು ಇದೆ, ಯಾರಿಗಾದರೂ ಕಷ್ಟವಾಗಬಹುದಾ?” ಎಂದು ಕೇಳಿದರೆ ಸಾಕು. ಇಲ್ಲಿ ಈ ಮಾತು ನಡೆದದ್ದು ಮಗು ಎದ್ದು ಹೋದ ಮೇಲೆ.

ಊರಿನ ಹಾಡು, ಊರಿನ ಹೆಸರುಗಳ ವಿಷಯವೂ ಹಾಗೆಯೇ. ಕೇಳಿ ಬಂದರೆ ಕೆಲವು ಸಲ ಇಲ್ಲ ಎನ್ನುತ್ತಾರೆ. ಆ ಇಲ್ಲ ಎನ್ನುವ ಮಾತಿನ ಜೊತೆಗೇ ಹಂತಿ ಪದ ಸಿಕ್ಕಿತು.

ಈಗ ಆ ಶಿಕ್ಷಕರು ಹೊಸ ಒಂಬತ್ತನೇ ತರಗತಿಯ ಜೊತೆ ಕೆಲಸ ಶುರುಮಾಡಿದ್ದಾರೆ. ಪಾತ್ರಗಳು ಇನ್ನೂ ಹಂಚಿಕೆಯಾಗಿಲ್ಲ. ಈ ಸಲ ಮಕ್ಕಳು ಮೊದಲು ಕಥೆಯನ್ನು ಮನೆಯಲ್ಲಿ ಹೇಳಬೇಕು, ಅಜ್ಜಿಯೋ ಅಪ್ಪನೋ ಏನಂದರು ಎಂದು ತರಗತಿಗೆ ಬಂದು ಹೇಳಬೇಕು. ಪೋಷಕರ ಸಭೆಯನ್ನೂ ತೊಗರಿ ಕೊಯ್ಲಿಗೆ ಮುಂಚೆಯೇ, ಬಸ್ ಬರುವ ಹೊತ್ತು ನೋಡಿಕೊಂಡು ಇಟ್ಟಿದ್ದಾರೆ.